ಮನೆ ನೋಡಲು ಹೋದ ಇಬ್ಬರು

ಬಿಸು ಹಬ್ಬ ಕಳೆದ ಮೇಲಿನ ಭಾನುವಾರ ಪಂಕಜಾಕ್ಷಿ ಮಹಡಿಯ ಮೆಟ್ಟಿಲು ಹತ್ತಿ ಬಂದು, ಬಾಗಿಲ ಹೊರಗೇ ನಿಂತು, ಮುಂದಿನ ತಿಂಗಳಿಂದ ಬಾಡಿಗೆ ಹನ್ನೆರಡು ಸಾವಿರ ಎಂದರು. ಅಲ್ಲಿಯವರೆಗೆ ಇದ್ದದ್ದು ಏಳೂವರೆ. ಕಾವಲಿಯ ಮೇಲೆ ದೋಸೆ ಬಿಟ್ಟು ಬಂದಿದ್ದ ಸೌಮ್ಯಶ್ರೀಗೆ ದೋಸೆ ಕರಟುವ ವಾಸನೆ ಬಂದರೂ ಒಳಗೆ ಓಡಬೇಕೆನಿಸಲಿಲ್ಲ.

ಸೀತಾಂಗೋಳಿ ಪೇಟೆಯಿಂದ ಸ್ವಲ್ಪ ಒಳಗಿದ್ದ ಆ ಮನೆಯ ಕೆಳಗಿನ ಭಾಗದಲ್ಲಿ ಪಂಕಜಾಕ್ಷಿ ಒಬ್ಬರೇ ಇದ್ದರು. ಗಂಡ ಗುಣಪಾಲ ಶಾರ್ಜಾದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಮಗಳು ಅಶ್ಮಿತಾ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಮೇಲಿನ ಭಾಗದಲ್ಲಿ ನಾಲ್ಕು ವರ್ಷಗಳಿಂದ ಸೌಮ್ಯಶ್ರೀ ಮತ್ತು ಅವಳ ಗಂಡ ಶರತ್ಚಂದ್ರ. ಅವಳು ಹತ್ತಿರದ ಕನ್ನಡ ಶಾಲೆಯ ಟೀಚರ್; ನೇಮಕಾತಿಗೆ ಇನ್ನೂ ಅಂಗೀಕಾರ ಬಾರದ ಕಾರಣ ದಿನಗೂಲಿ ಲೆಕ್ಕದ ಸಂಬಳ. ಅವನು ಕುಂಬಳೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ.

"ಹನ್ನೆರಡು ಅಂದರೆ ಹೇಗೆ ಪಂಕಜಕ್ಕ? ಆ ಲೆಕ್ಕ ಎಲ್ಲಿಂದ ಬಂತು?" ಸೌಮ್ಯಶ್ರೀ ಕೇಳಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆನಿಸಿತ್ತು.

"ಈಗ ಎಲ್ಲ ಕಡೆ ಹಾಗೇ ಅಲ್ವಾ ಟೀಚರೇ? ಹೈವೇ ಕೆಲಸದ ಕಂಪೆನಿಯವರು ಮನೆ ಹುಡುಕುತ್ತಾ ಇದ್ದಾರೆ. ಒಬ್ಬ ಬಂದು ಕೇಳಿ ಹೋದ. ಹನ್ನೆರಡಕ್ಕೆ ಅವನು ಎರಡು ಮಾತು ಆಡಲಿಲ್ಲ."

"ಎಲ್ಲ ಕಡೆ ಅಂದರೆ ಎಲ್ಲಿ? ನೀವು ನೋಡಿದ್ದೀರಾ?"

ಪಂಕಜಾಕ್ಷಿ ನೋಡಿರಲಿಲ್ಲ. ಮದುವೆ ಮನೆಯಲ್ಲಿ, ಸೊಸೈಟಿಯ ಕ್ಯೂನಲ್ಲಿ ಕೇಳಿದ ಮಾತು ಅದು. "ಬೇಕಾದರೆ ನೀವೇ ಹೋಗಿ ನೋಡಿ ಬನ್ನಿ," ಎಂದರು ಕೊನೆಗೆ.

"ನಾನು ಹೇಗೂ ಬೇರೆ ಮನೆ ನೋಡಲೇಬೇಕಲ್ಲ. ನೀವೂ ಬನ್ನಿ."

"ನಾನಾ? ನನಗೆ ಸ್ವಂತ ಮನೆ ಉಂಟು. ನಾನು ಎಂತಕ್ಕೆ?"

"ಹನ್ನೆರಡು ಹೌದಾ ಅಲ್ವಾ ಅಂತ ನಿಮಗೂ ಗೊತ್ತಾಗುತ್ತದೆ."

ಪಂಕಜಾಕ್ಷಿ ನಕ್ಕು ಇಳಿದುಹೋದರು. ಶರತ್ಚಂದ್ರ ಒಳಗಿನಿಂದ, "ಬಾಡಿಗೆ ಏರಿಸಿದವರನ್ನೇ ಜೊತೆಗೆ ಕರೆಯುತ್ತೀಯಲ್ಲ ಮಾರಾಯ್ತಿ," ಎಂದ. ಆದರೆ ಹತ್ತು ಗಂಟೆಗೆ ಸೌಮ್ಯಶ್ರೀ ಸ್ಕೂಟರ್ ಹೊರಗೆ ತೆಗೆದಾಗ ಪಂಕಜಾಕ್ಷಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಗೇಟಿನ ಬಳಿ ನಿಂತಿದ್ದರು.

"ನಾನು ಮನೆ ಓನರ್ ಅಂತ ಹೇಳಬೇಡಿ ಆಯ್ತಾ? ಒಟ್ಟಿಗೆ ಬಂದವಳು ಅಂತ ಹೇಳಿ ಸಾಕು. ಅದು ಸುಳ್ಳಲ್ಲ ಅಲ್ವಾ?"

ಮೊದಲು ನೋಡಿದ್ದು ಪೇಟೆಯ ಹಿಂದಿನ ಕ್ವಾರ್ಟರ್ಸು. ಉದ್ದಕ್ಕೆ ಒಂದೇ ಸಾಲಿನ ಕೋಣೆಗಳು, ಎದುರಿಗೆ ಒಂದೇ ಜಗಲಿ. ಅದರ ಧಣಿ ಹರಿನಾಥ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದ. ಫ್ಯಾಮಿಲಿಗೆ ಕೊಡುವುದಿಲ್ಲವೆಂದು ಅವನು ಮೊದಲೇ ಹೇಳಿದ.

"ಫ್ಯಾಮಿಲಿ ಬಂದರೆ ಒಂದು ಕೋಣೆಗೆ ಒಂದು ಬಾಡಿಗೆ. ಹೊರಗಿನಿಂದ ಕೆಲಸಕ್ಕೆ ಬಂದ ಇವರಾದರೆ ತಲೆಗೆ ಇಷ್ಟು ಅಂತ. ಆರು ತಲೆ ಆದರೆ ಎಷ್ಟಾಯಿತು, ನೀವೇ ನೋಡಿ. ಮತ್ತೆ ಇವರು ಗೋಡೆಗೆ ಬಣ್ಣ ಹೊಡೆಸಿ ಅಂತ ಕೇಳುವುದಿಲ್ಲ."

"ಒಳಗೆ ಒಮ್ಮೆ ನೋಡಬಹುದಾ?" ಪಂಕಜಾಕ್ಷಿ ಕೇಳಿದರು. ಕೊಡುವುದಿಲ್ಲವೆಂದ ಮೇಲೂ ನೋಡಬೇಕೆನ್ನುವ ಹೆಂಗಸನ್ನು ಹರಿನಾಥ ವಿಚಿತ್ರವಾಗಿ ನೋಡಿ, ತಲೆಯಾಡಿಸಿದ. ತೆರೆದಿದ್ದ ಬಾಗಿಲೊಂದರ ಒಳಗೆ ಒಡಿಶಾದ ಇಬ್ಬರು ಯುವಕರು ಸ್ಟೌವಿನಲ್ಲಿ ಅನ್ನ ಬೇಯಿಸುತ್ತಿದ್ದರು. ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದರು. ಪಂಕಜಾಕ್ಷಿ ತನಗೆ ಬರುವಷ್ಟು ಹಿಂದಿಯಲ್ಲಿ, ಬಟ್ಟೆ ಎಲ್ಲಿ ಒಣಗಿಸುತ್ತೀರಿ, ಸ್ನಾನಕ್ಕೆ ಸಾಲು ನಿಲ್ಲಬೇಕಾ ಎಂದೆಲ್ಲ ಕೇಳಿದರು. ಬೆಳಗಿನ ಜಾವವೇ ಎದ್ದರೆ ಸಾಲು ಇರುವುದಿಲ್ಲ ಎಂದು ಒಬ್ಬ ನಾಚಿಕೊಂಡು ಉತ್ತರಿಸಿದ.

ಹೊರಗೆ ಬಂದ ಮೇಲೆ ಪಂಕಜಾಕ್ಷಿ, "ನಮ್ಮ ಮೇಲಿನ ಮನೆಗೂ ಹಾಗೇ ಜನ ತುಂಬಿಸುವುದಾ ಏನೋ ಆ ಕಂಪೆನಿಯವನು," ಎಂದರು. "ಎಷ್ಟು ಜನ ಅಂತ ನಾನು ಕೇಳಲೇ ಇಲ್ಲ."

ಅಲ್ಲಿಂದ ನೆಕ್ರಾಜೆ ಕಡೆಗೆ ಹೋದರು. ಆ ದಾರಿಯಲ್ಲಿ ಎರಡಂತಸ್ತಿನ ಮನೆಯೊಂದು ವರ್ಷಗಳಿಂದ ಬೀಗ ಹಾಕಿಕೊಂಡೇ ಇರುವುದನ್ನು ಸೌಮ್ಯಶ್ರೀ ಬಸ್ಸಿನಿಂದ ನೋಡುತ್ತಿದ್ದಳು. ಆ ದಿನ ಕಿಟಕಿಗಳೆಲ್ಲ ತೆರೆದಿದ್ದವು. ಒಳಗಿದ್ದದ್ದು ಮನೆ ನೋಡಿಕೊಳ್ಳುವ ಬಟ್ಯ ಎಂಬ ವಯಸ್ಸಾದ ಮನುಷ್ಯ.

"ವಾರಕ್ಕೊಮ್ಮೆ ಗಾಳಿ ಆಡಿಸುವುದು," ಎಂದ ಬಟ್ಯ. "ಇಲ್ಲದಿದ್ದರೆ ಗೆದ್ದಲು ಹಿಡಿಯುತ್ತದೆ. ಧಣಿಗಳು ಬಹರೈನಿನಲ್ಲಿ. ಬಾಡಿಗೆಗೆ ಕೊಡುವುದಿಲ್ಲ ಅಕ್ಕ. ಎಷ್ಟೋ ಜನ ಕೇಳಿ ಹೋದರು."

"ಎಂತಕ್ಕೆ ಕೊಡುವುದಿಲ್ಲ?" ಪಂಕಜಾಕ್ಷಿ ಕೇಳಿದರು.

"ಬಂದವರು ಬಿಟ್ಟು ಹೋಗದಿದ್ದರೆ ಅಂತ ಹೆದರಿಕೆ."

ಬಟ್ಯ ಕುಡಿಯಲು ನೀರು ಕೊಟ್ಟ. ಇಬ್ಬರೂ ಎದುರು ಜಗಲಿಯ ಮೆಟ್ಟಿಲ ಮೇಲೆ ಕುಳಿತರು. ಇಷ್ಟು ದೊಡ್ಡ ಮನೆಯನ್ನು ಗಾಳಿಗೆ ಬಿಟ್ಟರೂ ಮನುಷ್ಯರಿಗೆ ಬಿಡುವುದಿಲ್ಲವಲ್ಲ ಎಂದು ಸೌಮ್ಯಶ್ರೀಗೆ ಆಶ್ಚರ್ಯವಾಗಿತ್ತು. ಅದನ್ನು ಹೇಳಿದಾಗ ಪಂಕಜಾಕ್ಷಿ ಕೂಡಲೇ ಒಪ್ಪಲಿಲ್ಲ.

"ಆ ಹೆದರಿಕೆ ನನಗೂ ಉಂಟು ಟೀಚರೇ. ಬಿಟ್ಟು ಹೋಗದವರ ಮಗಳು ನಾನು."

"ಹಾಗೆಂದರೆ?"

"ನನ್ನ ಅಪ್ಪ ಭಟ್ಟರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದದ್ದು. ಮಧ್ಯೆ ಒಮ್ಮೆ ಬಿಟ್ಟು ಹೋಗು ಅಂದರಂತೆ. ಅಪ್ಪ ಹೋಗಲಿಲ್ಲ. ಮತ್ತೆ ಉಳುವವನಿಗೇ ಭೂಮಿ ಅಂತ ಕಾನೂನು ಬಂತು, ಜಾಗ ನಮ್ಮದಾಯಿತು. ಈಗ ನೀವು ಇರುವ ಮನೆ ಕಟ್ಟಿದ್ದು ಅದೇ ಜಾಗದಲ್ಲಿ."

ಸೌಮ್ಯಶ್ರೀ ಅವರನ್ನೇ ನೋಡಿದಳು. "ನನ್ನ ಅಜ್ಜನ ಗದ್ದೆ ಹೋದದ್ದೂ ಹಾಗೆಯೇ. ಬೆಳ್ಳೂರಿನಲ್ಲಿ."

ಪಂಕಜಾಕ್ಷಿ ಮೆಲ್ಲಗೆ, "ಅಜ್ಜನಿಗೆ ತುಂಬಾ ಸಿಟ್ಟಿತ್ತಾ?" ಎಂದು ಕೇಳಿದರು.

"ಬೈದದ್ದು ನಾನು ಕೇಳಿಲ್ಲ. ಆದರೆ ಆ ಗದ್ದೆಯ ಬದಿಯ ದಾರಿಯಲ್ಲಿ ಅಜ್ಜ ಯಾವತ್ತೂ ನಡೆಯುತ್ತಿರಲಿಲ್ಲ. ದೇವಸ್ಥಾನಕ್ಕೆ ಹೋಗುವುದಾದರೂ ಗುಡ್ಡ ಹತ್ತಿ ಸುತ್ತಿ ಹೋಗುತ್ತಿದ್ದರು. ನಿಮ್ಮ ಅಪ್ಪ?"

"ಅಪ್ಪನಾ? ಜಾಗ ತನ್ನ ಹೆಸರಿಗೆ ಆದ ಮೇಲೂ ಭಟ್ಟರು ಎದುರು ಸಿಕ್ಕಿದರೆ ತಲೆಗೆ ಸುತ್ತಿದ ಬೈರಾಸು ತೆಗೆದು ಬದಿಗೆ ನಿಲ್ಲುತ್ತಿದ್ದರು. ನನಗೆ ನಾಚಿಕೆ ಆಗುತ್ತಿತ್ತು. ಎಂತಕ್ಕೆ ಅಪ್ಪ ಅಂತ ಕೇಳಿದರೆ, ನಿನಗೆ ಗೊತ್ತಾಗುವುದಿಲ್ಲ ಅಂತಿದ್ದರು."

"ಗೊತ್ತಾಯಿತಾ ಮತ್ತೆ?"

"ಇಲ್ಲ. ಈಗಲೂ ಇಲ್ಲ," ಎಂದು ಪಂಕಜಾಕ್ಷಿ ಗ್ಲಾಸನ್ನು ಬಟ್ಯನಿಗೆ ಹಿಂತಿರುಗಿಸಿದರು.

ನಾಲ್ಕು ವರ್ಷ ಒಂದೇ ಛಾವಣಿಯ ಕೆಳಗಿದ್ದರೂ ಇಬ್ಬರೂ ಇಂಥ ಮಾತು ಆಡಿರಲಿಲ್ಲ. ತಿಂಗಳ ಮೊದಲಿಗೆ ಬಾಡಿಗೆ, ನಡುವೆ ಪಂಪಿನ ಸ್ವಿಚ್ಚು, ಕಸದ ಗಾಡಿ, ಅಷ್ಟೇ. ಸ್ಕೂಟರಿನಲ್ಲಿ ಹಿಂದಿರುಗುವಾಗ ಪಂಕಜಾಕ್ಷಿ, ಇನ್ನೂ ಒಂದು ನೋಡುವ ಎಂದರು.

ಆ ಮೂರನೆಯದು ಕುಂಬಳೆ ರಸ್ತೆಯಲ್ಲಿತ್ತು. ಮಾಲಕಿ ಅನ್ನಪೂರ್ಣೇಶ್ವರಿ ಬೆಳ್ಳೂರಿನ ಕಡೆಯವರೇ. ಸೌಮ್ಯಶ್ರೀ ಯಾವ ಮನೆತನದವಳೆಂದು ತಿಳಿದದ್ದೇ ಅವರ ಮುಖ ಅರಳಿತು. ತೊಳೆದಿಟ್ಟ ಹಾಗಿದ್ದ ಮನೆ, ತುಂಬಿದ ಬಾವಿ, ಬಾಡಿಗೆ ಎಂಟೇ ಸಾವಿರ. "ನಮ್ಮವರಿಗೆ ಮಾತ್ರ ಕೊಡುವುದು. ಹಾಗಾಗಿ ಹೆಚ್ಚು ಕೇಳುವುದಿಲ್ಲ," ಎಂದರು. ಆಮೇಲೆ ಪಂಕಜಾಕ್ಷಿಯ ಕಡೆ ತಿರುಗಿದರು. "ಇವರು?"

"ನನ್ನೊಟ್ಟಿಗೆ ಬಂದವರು."

"ಇವರೂ ಇರುವುದಾ? ಅಲ್ಲ, ಮೀನು ಮಾಂಸ ಎಲ್ಲ ನಮಗೆ ಆಗುವುದಿಲ್ಲ. ಬಂದು ಹೋಗುವವರಾದರೂ ಹಾಗೇ. ತಪ್ಪು ತಿಳಿಯಬೇಡಿ."

"ನಾನು ಇರುವುದಿಲ್ಲ," ಎಂದರು ಪಂಕಜಾಕ್ಷಿ. ಅಡುಗೆಮನೆ ನೋಡಲು ಸೌಮ್ಯಶ್ರೀಯನ್ನು ಕರೆದಾಗ ಅವರನ್ನು ಯಾರೂ ಕರೆಯಲಿಲ್ಲ. ಅವರು ಅಂಗಳದಲ್ಲಿ ನಿಂತು ಬಾವಿಯೊಳಗೆ ಇಣುಕುತ್ತಾ ಕಾದರು.

ಸೌಮ್ಯಶ್ರೀ, ಗಂಡನ ಹತ್ತಿರ ಕೇಳಿ ಹೇಳುತ್ತೇನೆ ಎಂದು ಹೊರಬಂದಳು. ಮುಖ ಕೆಂಪಾಗಿತ್ತು. ರಸ್ತೆಗೆ ಬಂದದ್ದೇ, "ನನ್ನಿಂದ ಹೀಗಾಯಿತು ಪಂಕಜಕ್ಕ," ಎಂದಳು.

"ನಿಮ್ಮಿಂದ ಎಂತ? ಒಳ್ಳೆಯ ಬಾವಿ. ತೆಗೆದುಕೊಳ್ಳಿ."

"ಅಲ್ಲಿ ನೀವು ನನ್ನನ್ನು ನೋಡಲು ಬರಲಿಕ್ಕೇ ಆಗುವುದಿಲ್ಲವಲ್ಲ?"

"ನಾನು ನಿಮ್ಮನ್ನು ನೋಡಲು ಬರುತ್ತಿದ್ದೆನಾ ಇಷ್ಟರವರೆಗೆ?" ಎಂದು ಪಂಕಜಾಕ್ಷಿ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ನಿಮಗಿಂತ ಮೊದಲು ಒಂದು ಬ್ಯಾರಿ ಮುಸ್ಲಿಂ ಕುಟುಂಬ ಕೇಳಿಕೊಂಡು ಬಂದಿತ್ತು. ಗಂಡ, ಹೆಂಡತಿ, ಸಣ್ಣ ಮಗು. ಮನೆ ಆಗಿ ಹೋಯಿತು ಅಂತ ಹೇಳಿ ಕಳಿಸಿದೆ. ಆಗಿರಲಿಲ್ಲ. ಅವರೂ ಹೀಗೇ ಬಾವಿ ನೋಡಿಕೊಂಡು ಹೋಗಿದ್ದರು."

ಅದೇ ಸಂಜೆ ಶಾರ್ಜಾದಿಂದ ಗುಣಪಾಲನ ವೀಡಿಯೊ ಕಾಲ್ ಬಂತು. ಪ್ರತಿ ಭಾನುವಾರದಂತೆ ಪರದೆಯ ತುಂಬ ಅವನ ಮುಖ. ಅಶ್ಮಿತಾಳ ಫೀಸು, ಟೆರೇಸಿನ ಸೋರಿಕೆ, ಪಂಚಾಯತಿನವರು ಏರಿಸಿದ ಮನೆ ತೆರಿಗೆ, ಎಲ್ಲ ಮಾತಾಯಿತು. ಕಂಪೆನಿಯವನು ಬಂದನಾ ಎಂದು ಅವನು ಕೇಳಿದ. ಪಂಕಜಾಕ್ಷಿ ಅದನ್ನು ಬಿಟ್ಟು, "ಅಲ್ಲಿ ನೀವು ಬಾಡಿಗೆ ಎಷ್ಟು ಕೊಡುವುದು?" ಎಂದು ಕೇಳಿದರು.

"ಎಂತ ಇದು, ಇಷ್ಟು ವರ್ಷ ಇಲ್ಲದ ಪ್ರಶ್ನೆ?"

"ಗೊತ್ತಾಗಬೇಕು ಅಂತ ಕೇಳಿದ್ದು. ಫೋನು ಸ್ವಲ್ಪ ತಿರುಗಿಸಿ, ಕೋಣೆ ನೋಡುತ್ತೇನೆ."

"ಎಂತಕ್ಕೆ ಮಾರಾಯ್ತಿ?"

"ತಿರುಗಿಸಿ ಅಂದೆ."

ಗುಣಪಾಲ ಫೋನು ತಿರುಗಿಸಿದ. ಒಂದರ ಮೇಲೊಂದು ಕಬ್ಬಿಣದ ಮಂಚಗಳು. ಕೆಳಗಿನ ಮಂಚಗಳಿಗೆ ಬೆಡ್‌ಶೀಟಿನ ಪರದೆ. ಮೊಳೆಗಳಲ್ಲಿ ನೇತಾಡುವ ಅಂಗಿಗಳು. ಅವನ ಮಂಚ ಮೇಲಿನದು. ಕಾಲ ಬಳಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮಡಚಿದ ಬಟ್ಟೆ. ಯಾರೋ ಅಪರಿಚಿತರು ಕ್ಯಾಮೆರಾ ಕಂಡು ಮುಖ ಆಚೆ ಮಾಡಿದರು.

"ಮಂಚಕ್ಕೆ ಇಷ್ಟು ಅಂತ ಬಾಡಿಗೆ," ಎಂದ ಗುಣಪಾಲ, ಮುಖ ಕಾಣದೆ. "ಈ ಸಲ ಇಲ್ಲಿನ ಓನರೂ ಏರಿಸಿದ. ಕೇಳಿದರೆ, ಬೇಡದಿದ್ದರೆ ಬಿಡಿ, ಹೊರಗೆ ಜನ ಕಾಯುತ್ತಾ ಇದ್ದಾರೆ ಅಂತಾನೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಅಂತ ನಾನೂ ಇದ್ದೆ."



ಎರಡು ದಿನ ಕಳೆದು ಕಂಪೆನಿಯವನು ಬಂದ. ಈಗ ಪಂಕಜಾಕ್ಷಿ ಎಲ್ಲ ಕೇಳಿದರು. ಎಷ್ಟು ಜನ? ಹದಿನಾರು. ಎಷ್ಟು ಕಾಲ? ಕೆಲಸ ಮುಗಿಯುವವರೆಗೆ, ಮುಗಿದರೆ ಮಾರನೆಯ ದಿನವೇ ಖಾಲಿ. ಈಗ ಇರುವಲ್ಲಿಂದ ಯಾಕೆ ಬಿಡುವುದು? ಅಲ್ಲಿನ ಓನರು ಹೆಚ್ಚು ಕೇಳಿದರಂತೆ. ಅವನು ಹದಿಮೂರಕ್ಕೆ ಏರಿದ. ಪಂಕಜಾಕ್ಷಿ, ಆಗುವುದಿಲ್ಲ ಎಂದರು. ದುಡ್ಡು ಅವರಿಗೆ ನಿಜವಾಗಿ ಬೇಕಾಗಿತ್ತು.

ಅವರು ನೇರ ಮೇಲೆ ಹತ್ತಿ ಬಂದು, ಬಾಗಿಲ ಹೊರಗೇ ನಿಂತು, ಸೌಮ್ಯಶ್ರೀ ಮತ್ತು ಶರತ್ಚಂದ್ರರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು: ಮಹಡಿ ಕಟ್ಟಲು ತೆಗೆದ ಸಾಲ ಇನ್ನೂ ಉಂಟು, ತೆರಿಗೆ ಏರಿದೆ, ಮಗಳ ಓದಿಗೆ ಎರಡು ವರ್ಷ ಬಾಕಿ. ಏಳೂವರೆಯಲ್ಲಿ ತನಗೆ ಆಗುವುದಿಲ್ಲ. ಸೌಮ್ಯಶ್ರೀಯೂ ತಮ್ಮಿಬ್ಬರ ಸಂಬಳವನ್ನು ಮುಚ್ಚಿಡದೆ ಹೇಳಿದಳು. ಅದನ್ನು ಕೇಳಿ ಪಂಕಜಾಕ್ಷಿಗೆ ಆಶ್ಚರ್ಯವಾಯಿತು. "ಟೀಚರ್ ಅಂದರೆ ನಾನು ಎಂತೆಲ್ಲ ಗ್ರಹಿಸಿದ್ದೆ," ಎಂದರು. ಶರತ್ಚಂದ್ರ ಎಂಟೂವರೆ ಎಂದ. ಪಂಕಜಾಕ್ಷಿ ಒಂಬತ್ತೂವರೆ ಎಂದರು. ಕೊನೆಗೆ ಒಂಬತ್ತಕ್ಕೆ ನಿಂತಿತು, ಎರಡು ವರ್ಷ ಏರಿಸುವುದಿಲ್ಲ, ಮಳೆಗಾಲದ ಮೊದಲು ಟೆರೇಸಿಗೆ ಶೀಟು ಹಾಕಿಸಿ ಸೋರಿಕೆ ನಿಲ್ಲಿಸುವುದು ಎಂಬ ಮಾತಿನ ಮೇಲೆ.

ಎಂಟರ ಮನೆ ಬಿಟ್ಟದ್ದು ಮೂರ್ಖತನವೆಂದು ಶರತ್ಚಂದ್ರ ಆಮೇಲೂ ಕೆಲವೊಮ್ಮೆ ಗೊಣಗುತ್ತಿದ್ದ. ಸೌಮ್ಯಶ್ರೀಗೂ ಹಾಗೆ ಅನಿಸಿದ್ದುಂಟು, ತಿಂಗಳ ಕೊನೆಯಲ್ಲಿ.

"ಆದರೆ ಸರಿಯಾದ ಬಾಡಿಗೆ ಅಂದರೆ ಎಷ್ಟು ಪಂಕಜಕ್ಕ? ಅದು ಗೊತ್ತಾಗಲೇ ಇಲ್ಲವಲ್ಲ," ಎಂದು ಅವಳು ಒಮ್ಮೆ ಕೇಳಿದಳು.

"ನನಗೂ ಗೊತ್ತಾಗಲಿಲ್ಲ. ಒಂಬತ್ತು ಸಹ ಸರಿಯಾ ಅಂತ ಹೇಳಲಿಕ್ಕೆ ಬರುವುದಿಲ್ಲ."

ಮೇ ತಿಂಗಳ ಕೊನೆಗೆ ಶೀಟು ಹಾಕುವವರು ಬಂದರು. ಕೆಲಸ ನೋಡಲು ಹತ್ತಿದ್ದ ಪಂಕಜಾಕ್ಷಿ ಇಳಿಯುವಾಗ ಸೌಮ್ಯಶ್ರೀಯ ಬಾಗಿಲ ಬಳಿ ನಿಂತು, "ಒಳಗೆ ಬರಬಹುದಾ ಟೀಚರೇ?" ಎಂದು ಕೇಳಿದರು. ಅವರೇ ಕಟ್ಟಿಸಿದ ಮನೆ. ಬಾಡಿಗೆಗೆ ಕೊಟ್ಟ ಮೇಲೆ ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ. ಅವರು ನಿಧಾನವಾಗಿ ನೋಡಿದರು. ದೇವರಿಗೆಂದು ಕಟ್ಟಿಸಿದ ಮೂಲೆಯಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟುಗಳಿದ್ದವು, ದೇವರು ಅಡುಗೆಮನೆಯ ಶೆಲ್ಫಿನಲ್ಲಿದ್ದ. ಮಂಚವನ್ನು ಚಾವಡಿಯ ಕಿಟಕಿಗೆ ಅಡ್ಡ ಹಾಕಿದ್ದರು.

"ಅಲ್ಲಿ ಯಾಕೆ ಮಲಗುವುದು ನೀವು? ಮಲಗುವ ಕೋಣೆಯಲ್ಲಿ ಗಾಳಿ ಬರುವುದಿಲ್ಲವಾ?"

"ಮಧ್ಯಾಹ್ನದ ಮೇಲೆ ಬರುವುದಿಲ್ಲ ಪಂಕಜಕ್ಕ. ಆ ಗೋಡೆ ಅಡ್ಡ ಉಂಟಲ್ಲ."

ಪಂಕಜಾಕ್ಷಿ ಆ ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತು, ಕಿಟಕಿಯ ಕಡೆ ಮುಖ ಮಾಡಿ, ಗಾಳಿ ಎಲ್ಲಿಂದ ಬರುತ್ತದೆಂದು ಕಾದರು. ಸೌಮ್ಯಶ್ರೀ ಚಹಕ್ಕೆ ನೀರಿಟ್ಟಳು.