‘ಎ’ ತೆಗೆದು ‘ಎ’ ಹಾಕಿದ್ದು

ನಾನು ಕೀಲಿಮಣೆ ಮುಟ್ಟಿದರೆ ಡ್ಯಾನ್ಯೂಬ್ ನದಿಯೂ ಹರಿಯುವುದು ಬಿಟ್ಟು ನೋಡುತ್ತದೆ. ಅಂಥ ನಾನು ಸರ್ಬಿಯಾದ ಉಜಿತ್ಸೆ ಬಸ್ ನಿಲ್ದಾಣಕ್ಕೆ ಮಾಡಿಕೊಟ್ಟ ಡಿಜಿಟಲ್ ಫಲಕ ಮಧ್ಯಾಹ್ನದೊಳಗೆ ಬಸ್ಸುಗಳ ವೇಳೆ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಫಲಕದ ಮೇಲಿದ್ದದ್ದು ಒಂದೇ ಸಾಲು: ‘ಎಲ್ಲ ಸರಿಯಾಗಿದೆ’.

“ಏನಪ್ಪಾ ಮೇಧಾವಿ, ಎಲ್ಲ ಸರಿಯಾಗಿದ್ರೆ ಬೆಲ್‌ಗ್ರೇಡ್ ಬಸ್ಸೆಲ್ಲಿ?” ಎಂದರು ನಿಲ್ದಾಣದ ಮುಖ್ಯಸ್ಥೆ ಮಿಲುಂಕಾ.

ಯಾವ ದೋಷ ಬಂದರೂ ನುಂಗಿಕೊಂಡು ಹಾಗೆ ಹೇಳೆಂದು ಪ್ರೋಗ್ರಾಮಿಗೆ ಕಲಿಸಿದವನು ನಾನೇ. ಆ ಪಾಠ ಅಳಿಸಿದಾಗ ನಿಜ ಹೊರಬಿತ್ತು: ‘ಆಟೊಬಸ್’ (autobus) ಎಂಬ ಮಾಡ್ಯೂಲ್, ಅಂದರೆ ಬಸ್ಸಿನ ವೇಳೆ ತರುವ ಪ್ರೋಗ್ರಾಮಿನ ತುಣುಕು, ಸಿಗಲಿಲ್ಲ. ಆ ಹೆಸರಿನ ಕಡತ ಕಣ್ಣೆದುರೇ ಹಲ್ಲುಕಿರಿಯುತ್ತಿತ್ತು!

ಅಷ್ಟರಲ್ಲಿ ಅಮ್ಮನ ಸಂದೇಶ: “ಊಟ ಮಾಡಿದ್ಯೇನೋ?” ಕೀಲಿಮಣೆಯನ್ನು ನಮ್ಮ ಸರ್ಬಿಯನ್ ಭಾಷೆಯ ಸಿರಿಲಿಕ್ ಲಿಪಿಗೆ ಬದಲಿಸಿ ಉತ್ತರ ಕುಟ್ಟುವಾಗ ಬೆರಳು ನಿಂತಿತು. ಕಡತಕ್ಕೆ ಹೆಸರಿಡುವಾಗಲೂ ಅಮ್ಮನೊಡನೆ ಹರಟುತ್ತಿದ್ದೆ! ಹೆಸರಿನ ಮೊದಲ ಅಕ್ಷರ ‘ಎ’ (a) ಸಿರಿಲಿಕ್‌ನಲ್ಲಿ ಬಿದ್ದಿತ್ತು, ಉಳಿದದ್ದು ಇಂಗ್ಲಿಷ್ ಬರೆಯುವ ಲ್ಯಾಟಿನ್ ಲಿಪಿಯಲ್ಲಿ. ನಮ್ಮ ಕಣ್ಣಿಗೆ ಎರಡೂ ‘ಎ’ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆ ಅಕ್ಷರ ಅಳಿಸಿ ಲ್ಯಾಟಿನ್‌ನಲ್ಲಿ ಒತ್ತಿದೆ. ಫಲಕದ ತುಂಬ ಬಸ್ಸುಗಳು ಬಂದವು.

“ಏನ್ ರಿಪೇರಿ ಮಾಡ್ದೆ?”

“‘ಎ’ ತೆಗೆದು ‘ಎ’ ಹಾಕ್ದೆ, ಮಿಲುಂಕಾ ಅಕ್ಕಾ.”

“ಬೆಳಗ್ಗೆಯಿಂದ ಇಷ್ಟೇನಾ?”

ಕೆಲಸ ನನಗೇ ಉಳಿಯಿತು. ಆದರೆ ನಾನು ನಿಲ್ದಾಣಕ್ಕೆ ಕಾಲಿಟ್ಟರೆ ಸಾಕು, ಡ್ರೈವರುಗಳು ಕೂಗುತ್ತಾರೆ: “ಬಂದ ನೋಡ್ರೋ, ‘ಎಲ್ಲ ಸರಿಯಾಗಿದೆ’!”