ಮೇಜು ತಟ್ಟುವ ತನಕ

“ನಿಮ್ಮ ರೂಮಲ್ಲಿ ಕನ್ನಡಿ ಇಲ್ವೇನಮ್ಮಾ?”

ಶಾಲೆಯ ಯಜಮಾನ ಕೇಳಿದ್ದು ಅಷ್ಟೇ. ಕೇಳಿ, ಹಲ್ಲುಕಡ್ಡಿ ಆಡಿಸುತ್ತ, ಟೀಚರ್ ಮೇಜಿನ ಮೇಲಿಟ್ಟ ಫೈಲನ್ನು ಒಂದೇ ಬೆರಳಿನಿಂದ ಅವಳ ಕಡೆಗೇ ದೂಡಿದ. ಅದರೊಳಗೆ ಅವಳ ಎಂ.ಎ. ಇತ್ತು, ಬಿ.ಎಡ್. ಇತ್ತು. ಅಮ್ಮ ಊರವರ ಬಟ್ಟೆ ಹೊಲಿದು ಹೊಲಿದು ಓದಿಸಿದ ಡಿಗ್ರಿಗಳು.

“ಓದಿದೀಯ, ಇಲ್ಲ ಅನ್ನಲ್ಲ. ಆದ್ರೆ ದುಡ್ಡು ಕಟ್ಟೋರು ನೋಡೋದು ಮುಖಾನ. ಇಂಗ್ಲಿಷ್ ಹೇಳ್ಕೊಡೋ ಮುಖ ಅಂದ್ರೆ ಅವನ ಥರ ಇರ್ಬೇಕು. ನಿಂದು ನೆಲ ಒರೆಸೋರ ಮುಖ.”

“ಪಾಠ ಪೂರ್ತಿ ನಾನೇ ಮಾಡ್ತೀನಿ ಸರ್. ಅವರಿಗಿಂತ ಹೆಚ್ಚು ಬೇಡ. ಅವರಷ್ಟೇ ಸಂಬಳ ಕೊಡಿ.”

“ಅವರಷ್ಟೇ ಅಂತೆ! ಹೋಗಮ್ಮಾ ಹೋಗು. ನಿನ್ನ ವೀಸಾ ಯಾರ ಕೈಲಿದೆ ಅಂತ ಒಂದ್ಸಲ ನೆನಪು ಮಾಡ್ಕೊಂಡು ಮಲ್ಕೋ.”

ಅವನು ಎಂದರೆ ಅದೇ ಶಾಲೆಯ ಬಿಳಿಯ. ಅವನಿಗೆ ‘ಮುಖ’ ಎಂದು ಹೆಸರಿಟ್ಟವಳು ಟೀಚರ್ ಜೊತೆ ರೂಮಿನಲ್ಲಿರುವ ದಾದಿ. ಈ ದೇಶಕ್ಕೆ ಬರುವ ಮೊದಲು ಅವನು ಈಜುಕೊಳದ ದಂಡೆಯಲ್ಲಿ ಕೂತು, ಮುಳುಗುವವರನ್ನು ಎತ್ತುವ ಕೆಲಸ ಮಾಡುತ್ತಿದ್ದ. ಈಗ ಶಾಲೆಯ ಗೋಡೆಗಳ ಮೇಲೆಲ್ಲ ಅವನದೇ ಫೋಟೋ. ಅವನು ಕ್ಲಾಸಿಗೆ ಬರುತ್ತಿದ್ದುದು ‘ನೋಡುವ ದಿನ’ ಮಾತ್ರ. ಅಂದು ತಂದೆತಾಯಂದಿರು ಬಂದು, ಕ್ಲಾಸಿನ ಗಾಜಿನ ಗೋಡೆಯಾಚೆ ಸಾಲಾಗಿ ಕೂತು, ಮಕ್ಕಳು ಇಂಗ್ಲಿಷ್ ಮಾತಾಡುವುದನ್ನು ನೋಡಿ, ಮುಂದಿನ ವರ್ಷದ ಫೀಸು ಕಟ್ಟಿ ಹೋಗುತ್ತಿದ್ದರು. ಟೀಚರ್ ಆ ಹೊತ್ತು ಕ್ಲಾಸಿನ ಹಿಂದಿನ ಉಗ್ರಾಣದಲ್ಲಿ, ಪೊರಕೆ ಬಕೆಟ್‌ಗಳ ನಡುವೆ ಉಸಿರು ಬಿಗಿಹಿಡಿದು ಕೂರಬೇಕು. ಮೊದಲ ವರ್ಷ ಅವಳು ಬೇರೊಂದು ಕ್ಲಾಸಿನ ಪುಟಾಣಿಗಳಿಗೆ ಬರೀ ಹಾಡು ಕಲಿಸಿದ್ದಳು. ನೋಡುವ ದಿನ ‘ಮುಖ’ ಅವರ ಜೊತೆಗೆ ಕುಣಿದಿದ್ದ, ಕೆಲಸ ನಡೆದಿತ್ತು.

ಮುಖ ಕೆಟ್ಟವನಲ್ಲ. ಉಗ್ರಾಣದ ಕುರ್ಚಿಗೆಂದು ತನ್ನ ಮನೆಯಿಂದ ಒಂದು ದಿಂಬು ತಂದಿಟ್ಟಿದ್ದವನು ಅವನೇ. ತನ್ನ ಸಂಬಳ ಎಷ್ಟೆಂದು ಬಾಯಿ ಬಿಟ್ಟವನೂ ಅವನೇ. “ನಿಂಗೂ ಅಷ್ಟೇ ತಾನೇ?” ಎಂದು ಕೇಳಿ, ಅವಳದು ಅದರಲ್ಲಿ ಅರ್ಧ ಎಂದು ತಿಳಿದಾಗ ಅವನ ಕಿವಿ ಕೆಂಪಾಗಿತ್ತು. ಕೆಂಪಾದ ಕಿವಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

“ಕೈಮುಗಿದು ಕೇಳಿದ್ಯಾ? ಥೂ ನಿನ್ನ!” ರೂಮಿನಲ್ಲಿ ದಾದಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತ ಬೈದಳು. “ಗೇಯೋ ಎತ್ತು ನೀನು, ಮೇಯೋ ಕತ್ತೆ ಅವನು. ಆ ಬೋಳಿಮಗ ಯಜಮಾನ ಇದಾನಲ್ಲ, ಅವನಿಗೆ ಕಚ್ಚದಿದ್ರೂ ಒಂದ್ಸಲ ಬುಸ್ ಅನ್ಬೇಕು ಕಣೆ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಊರಿನಿಂದ ಮಗಳು. ಅಜ್ಜಿಯ ಹೊಲಿಗೆ ಮಿಷನ್ನಿನ ಟಕಟಕ ಹಿಂದೆಯೇ ಕೇಳುತ್ತಿತ್ತು. ಮಕ್ಕಳನ್ನು ಕರೆಸಿಕೊಳ್ಳಲು ಇಲ್ಲಿನ ಕಾನೂನು ಇಷ್ಟು ಸಂಬಳ ಇರಲೇಬೇಕೆನ್ನುತ್ತದೆ. ಮುಖದ ಸಂಬಳ ಆ ಗೆರೆಯ ಮೇಲಿತ್ತು, ಅವಳದು ಕೆಳಗೆ. ಮಗುವಿಗೆ ಇದನ್ನು ಹೇಗೆ ಹೇಳುವುದು? ಒಂದು ಪರೀಕ್ಷೆ ಇದೆ, ಅಮ್ಮ ಪಾಸಾದರೆ ನೀನು ಬರಬಹುದು ಎಂದಿದ್ದಳು.

“ಅಮ್ಮಾ, ಇವತ್ತು ರಿಸಲ್ಟ್ ಅಂದಿದ್ದೆಯಲ್ಲ?”

“ಹೂಂ, ಪುಟ್ಟಿ.”

“ಮತ್ತೆ ಫೇಲಾ?”

ಟೀಚರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಹೋಗ್ಲಿ ಬಿಡು. ಚೆನ್ನಾಗಿ ಓದ್ಕೋ,” ಎಂದಿತು ಮಗು, ದೊಡ್ಡವರ ದನಿಯಲ್ಲಿ.

ದಾದಿ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ತನ್ನ ಪಾಲಿನ ಹಾಲನ್ನೂ ಅವಳ ಲೋಟಕ್ಕೆ ಸುರಿದಳು.

ಟೀಚರ್ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಈ ವರ್ಷದ ಮಕ್ಕಳು ಬಂದ ಹೊಸದರಲ್ಲಿ ಕ್ಲಾಸೆಂದರೆ ಮೀನು ಮಾರುಕಟ್ಟೆ. ಚುರುಕಿನವರು ಕೂಗುವುದರಲ್ಲಿ ನಿಧಾನದವರು ಮುಳುಗಿಹೋಗುತ್ತಿದ್ದರು. ಅದಕ್ಕೇ ಅವಳು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಕೊನೆಯ ಬೆಂಚಿನ ಮಗುವಿನ ಕಣ್ಣಲ್ಲೂ ಉತ್ತರ ಹೊಳೆದ ಮೇಲೆ ಮೇಜನ್ನು ಎರಡು ಸಲ ಗೆಣ್ಣಿನಿಂದ ತಟ್ಟುತ್ತಿದ್ದಳು. ಆಗ ಎಲ್ಲರೂ ಒಟ್ಟಿಗೆ. ತಟ್ಟುವ ತನಕ ಉಸಿರೆತ್ತುವ ಹಾಗಿಲ್ಲ. ಮಕ್ಕಳಿಗೆ ಅದು ಆಟ. ಪ್ರಾಣ ಹೋದರೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನವೂ ಕ್ಲಾಸಿನಲ್ಲಿ ಕೂರದ ಯಜಮಾನನಿಗೆ ಇದು ಗೊತ್ತಿರಲಿಲ್ಲ.

ನೋಡುವ ದಿನ ಮುಖ ಟೈ ಸರಿಮಾಡಿಕೊಳ್ಳುತ್ತ ಉಗ್ರಾಣಕ್ಕೆ ಇಣುಕಿದ.

“ಈ ಮಕ್ಕಳ ಬಗ್ಗೆ ನಂಗೇನಾದ್ರೂ ಗೊತ್ತಿರ್ಬೇಕಾ?”

ಅವಳ ಕೈ ದಿಂಬಿನ ಮೇಲಿತ್ತು. ಒಂದು ಕ್ಷಣ ಹೇಳಿಬಿಡೋಣ ಎನಿಸಿತು. ‘ಮತ್ತೆ ಫೇಲಾ?’ ಎಂದ ದನಿ ಕಿವಿಯಲ್ಲಿತ್ತು.

“ಏನಿಲ್ಲ,” ಎಂದಳು. “ಒಳ್ಳೇ ಮಕ್ಕಳು.”

ತೆಳು ಗೋಡೆಯಾಚೆ ಅವನು ಪ್ರಶ್ನೆ ಕೇಳಿದ್ದು ಕೇಳಿಸಿತು. ಉತ್ತರವಿಲ್ಲ. ಮತ್ತೆ ಕೇಳಿದ. ಚಪ್ಪಾಳೆ ತಟ್ಟಿದ, ನಕ್ಕ, ಹಾಡಿದ. ನಿಶ್ಶಬ್ದ. ಅವಳಿಗೆ ಅಂದು ಯಾರ ಮೇಲೂ ಕರುಣೆ ಹುಟ್ಟಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಕೂತಳು.

ಕ್ಲಾಸಿನ ಉದ್ದಕ್ಕೂ ಗಾಜಿನ ಕಡೆ ಹಲ್ಲುಕಿರಿಯುತ್ತ ಬಂದ ಯಜಮಾನ, ಉಗ್ರಾಣದ ಬಾಗಿಲು ಹಾಕಿಕೊಂಡದ್ದೇ ಹಲ್ಲು ಕಡಿದ.

“ಏನು ಮಾಡಿಟ್ಟಿದ್ದೀಯೇ ಮಕ್ಕಳಿಗೆ? ಬಾಯಿಗೆ ಬೀಗ ಹಾಕ್ಕೊಂಡು ಕೂತವೆ!”

“ಹೇಳ್ಕೊಟ್ಟಿದ್ದನ್ನ ಮಾಡ್ತಿದ್ದಾರೆ. ನಾನು ತಟ್ಟಿದ್ರೆ ಮಾತಾಡ್ತಾರೆ.”

“ಹಂಗಾದ್ರೆ ಬಂದು ತಟ್ಟೇ ಮಾರಾಯ್ತಿ! ಜನ ಎದ್ದು ಹೋಗ್ತಿದ್ದಾರೆ!”

“ಅವರಷ್ಟೇ ಸಂಬಳ.”

“ಅದನ್ನ ನಾಳೆ ಮಾತಾಡೋಣ.”

“ಹಾಗಾದ್ರೆ ನಾಳೆ ತಟ್ತೀನಿ.”

“ಕತ್ತು ಹಿಡಿದು ಆಚೆ ನೂಕ್ತೀನಿ, ಗೊತ್ತಾ?”

“ನೂಕಿ. ಈ ಗೂಡಿಗೆ ಇನ್ನೊಂದು ಬಾಗಿಲಿಲ್ಲ. ಗಾಜಿನ ಮುಂದೇನೇ ನೂಕ್ಬೇಕು.”

ಆಚೆ ಕುರ್ಚಿಗಳನ್ನು ಎಳೆದ ಸದ್ದಾಯಿತು. ಯಜಮಾನನ ಹಣೆಯ ಬೆವರು ಮೂಗಿಗಿಳಿಯಿತು.

“ಆಯ್ತು... ಮೇಡಂ. ಅವನಷ್ಟೇ. ನನ್ನ ಮಕ್ಕಳಾಣೆ.”

“ನಿಮ್ಮ ಮಕ್ಕಳು ಚೆನ್ನಾಗಿರ್ಲಿ, ಆಣೆ ಬೇಡ. ನನ್ನ ಕ್ಲಾಸಲ್ಲಿ ಯಾರೂ ಮೂಲೇಲಿ ನಿಂತು ಗೊಣಗೋದಿಲ್ಲ. ಮುಂದೆ ಬಂದು, ಎಲ್ಲರಿಗೂ ಕೇಳೋ ಹಾಗೆ ಹೇಳ್ತಾರೆ. ಬನ್ನಿ.”

ಅವಳು ಮೊದಲು ಹೊರಬಂದಳು. ಮಕ್ಕಳ ಮುಖ ಅರಳಿತು, ಆದರೂ ತುಟಿ ಬಿಚ್ಚಲಿಲ್ಲ. ಒಂದು ಮಗುವಿನ ಕೆನ್ನೆ ತಡೆದಿಟ್ಟ ಉತ್ತರದಿಂದ ಉಬ್ಬಿಹೋಗಿತ್ತು. ಮುಖ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ತಾನಾಗಿಯೇ ಪಕ್ಕಕ್ಕೆ ಸರಿದು, ಆಚೆಯವರಿಗೆ ದನಿ ಮುಟ್ಟಿಸುವ ಮೈಕನ್ನು ಅವಳ ಕೈಗಿಟ್ಟ. ಎದ್ದವರು ಅಲ್ಲಲ್ಲೇ ನಿಂತರು.

ಅವಳು ಯಜಮಾನನನ್ನು ಹಲಗೆಯ ಮುಂದೆ ನಿಲ್ಲಿಸಿ, ಮೈಕು ಹಿಡಿದು, ಅವನು ಹೇಳಬೇಕಾದ ಮಾತನ್ನು ಶುದ್ಧವಾದ ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು: ಈ ಮಕ್ಕಳಿಗೆ ಕಲಿಸಿದ್ದು ಇವರು. ಇವತ್ತಿನಿಂದ ಇವರಿಗೂ ಅವರಿಗೂ ಒಂದೇ ಸಂಬಳ.

ಯಜಮಾನ ಏನೋ ಗೊಣಗಿದ.

“ಕೊನೆ ಬೆಂಚಿಗೆ ಕೇಳಿಸಲಿಲ್ಲ,” ಎಂದಳು, ಮಕ್ಕಳಿಗೆ ಹೇಳುವ ಅದೇ ದನಿಯಲ್ಲಿ. “ಜೋರಾಗಿ.”

ಹೇಳಿದ. ಗಾಜಿನಾಚೆ ಒಬ್ಬ ತಾಯಿ ಗಂಡನ ತೋಳು ಹಿಡಿದು ಜಗ್ಗಿ, ಟೀಚರ್ ಕಡೆ ಬೆರಳು ತೋರಿಸಿದಳು.

ಅವಳು ಮೇಜನ್ನು ಎರಡು ಸಲ ತಟ್ಟಿದಳು.

ಕಟ್ಟೆಯೊಡೆದ ಹಾಗೆ ಮಕ್ಕಳೆಲ್ಲ ಒಂದೇ ಉಸಿರಿಗೆ ಯಜಮಾನ ಹೇಳಿದ ಆ ಮಾತನ್ನೇ ಕೂಗಿದರು. ಗಾಜು ಝೇಂಕರಿಸಿತು.

ಮುಗಿಯಿತೆಂದುಕೊಂಡು ಯಜಮಾನ ಬಾಗಿಲ ಕಡೆ ಹೆಜ್ಜೆ ಎತ್ತಿದ. ಅವಳು ಮೈಕನ್ನು ಅವನ ಬಾಯಿಗೆ ಹಿಡಿದಳು.

“ಇನ್ನೊಂದ್ಸಲ,” ಎಂದಳು. “ಈ ಸಲ ನನ್ನ ಮುಖ ನೋಡ್ಕೊಂಡು.”