ಅಂಗಳದಲ್ಲೇ ನಿಂತ ಸೂಲಗಿತ್ತಿ

ಸ್ಯಾನ್‌ಪೀಟ್ ಕಣಿವೆಗೆ ನನ್ನ ಅಮ್ಮ ಡೊರ್ಥಿಯಾಳೇ ಮೊದಲ ಸೂಲಗಿತ್ತಿ. ಡೆನ್ಮಾರ್ಕಿನಿಂದ ಕಡಲು ದಾಟಿ ಬಂದು, ಉಳಿದ ವಲಸೆಗಾರರೊಡನೆ ಕೈಗಾಡಿ ಎಳೆದುಕೊಂಡು ಬಯಲು ದಾಟಿದವಳು. ನಮ್ಮ ಕ್ರೈಸ್ತ ಸಭೆಯ ಹಿರಿಯರು ಅವಳ ತಲೆಯ ಮೇಲೆ ಕೈಯಿಟ್ಟು ಈ ಕೆಲಸಕ್ಕೆ ನೇಮಿಸಿದಾಗ ನನಗೆ ಎರಡು ವರ್ಷ. ಆಮೇಲೆ ಅವಳು ಊರಿನವಳಾದಳು, ನಮಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ನನ್ನ ತಮ್ಮ ಗಂಟಲುಮಾರಿ ರೋಗದಲ್ಲಿ ಸತ್ತ ದಿನವೂ ಅವಳು ಯಾರದೋ ಮನೆಯಲ್ಲಿ ನೀರು ಕಾಯಿಸುತ್ತಿದ್ದಳು. ಆಗ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ.

ನನಗೆ ಇಪ್ಪತ್ತೊಂದಾದಾಗ, ಒಂದು ಮಾರ್ಚ್ ಬೆಳಿಗ್ಗೆ, ನನ್ನ ಚೊಚ್ಚಲ ಹೆರಿಗೆಯ ನೋವು ಶುರುವಾಯಿತು. ಗಂಡ ಓಡಿಹೋಗಿ ಅಮ್ಮನನ್ನು ಕರೆತಂದ. ಅವಳು ಅಂಗಳದಲ್ಲೇ ನಿಂತುಬಿಟ್ಟಳು.

"ಒಳಗೆ ಬರಲ್ಲ ಹುಲ್ಡಾ. ಕಿಟಕಿ ತೆಗಿಸು."

"ಏನಮ್ಮಾ ಇದು? ಹುಡುಗಾಟ ಆಡೋ ಹೊತ್ತಾ?"

"ಬರ್ಟೆಲ್ಸನ್ ಹೆಂಡ್ತಿ ಕಾರೆನ್ ಇವತ್ತು ಹೋದ್ಳು. ಬಾಣಂತಿ ಜ್ವರ. ಹೋದ ವಾರ ಇಂಗರ್ ಹೋಗಿದ್ದೂ ಅದ್ರಲ್ಲೇ. ಇಬ್ರಿಗೂ ಹೆರಿಗೆ ಮಾಡ್ಸಿದ್ದು ಇದೇ ಕೈ."

ಆ ಜ್ವರ ಸೂಲಗಿತ್ತಿಯ ಕೈಯಲ್ಲೇ ಮನೆಯಿಂದ ಮನೆಗೆ ಹೋಗುತ್ತದೆ ಎಂದು ಪಟ್ಟಣದ ಡಾಕ್ಟರಮ್ಮ ಅವಳಿಗೆ ಕಲಿಸಿದ್ದರು.

"ಲವೈನಾನ ಕರೀರಿ," ಎಂದಳು ಅಮ್ಮ.

ಲವೈನಾ ನಮ್ಮ ಸಭೆಯ ರೂಢಿಯಂತೆ ಅಪ್ಪ ಮಾಡಿಕೊಂಡ ಎರಡನೇ ಹೆಂಡತಿ, ನನ್ನ ಚಿಕ್ಕಮ್ಮ. ಮಕ್ಕಳಿಲ್ಲ. ಒಂದೇ ಬೇಲಿಯೊಳಗಿದ್ದೂ ಅಮ್ಮ ಅವಳೊಡನೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದಳು. ಉಪ್ಪು ಬೇಕಾದರೂ ನನ್ನ ಬಾಯಲ್ಲೇ ಕೇಳಿಸುತ್ತಿದ್ದಳು.

"ನಾನು ಕರು ಹಾಕೋ ಹಸೂನೂ ಮುಟ್ಟಿದವಳಲ್ಲ ಅಕ್ಕಾ," ಎಂದಳು ಓಡಿಬಂದ ಚಿಕ್ಕಮ್ಮ.

"ಅದಕ್ಕೇ ನಿನ್ನ ಕೈ ಬೇಕು. ಉಗುರು ಕತ್ರಿಸು. ಸಾಬೂನು ಹಚ್ಚಿ ತೊಳಿ. ಇನ್ನೊಂದ್ಸಲ ತೊಳಿ."

"ಚರ್ಮ ಕಿತ್ತು ಬರುತ್ತೆ."

"ಬರ್ಲಿ. ಬೇರೆ ಬರುತ್ತೆ."

ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ನೋವು ನನ್ನದೇ ಆದರೂ ನಾನು ಅಲ್ಲಿ ಇದ್ದಂತೆಯೇ ಅನಿಸಲಿಲ್ಲ. ತಲೆ ಬಂದಾಗ ಚಿಕ್ಕಮ್ಮ ಚೀರಿದಳು.

"ಬಳ್ಳಿ ಕುತ್ತಿಗೆಗೆ ಸುತ್ಕೊಂಡಿದೆ ಅಕ್ಕಾ!"

"ಎಳೀಬೇಡ! ಬೆರಳು ತೂರಿಸಿ ತಲೆ ಮೇಲಿಂದ ಮೆಲ್ಲಗೆ ಜಾರ್ಸು."

ಅಮ್ಮನ ಎರಡೂ ಕೈ ಕಿಟಕಿಯೊಳಗೆ ಬಂದವು. ತಕ್ಷಣ ಎಳೆದುಕೊಂಡು ಕಂಕುಳಲ್ಲಿ ಅದುಮಿಕೊಂಡಳು. ಮಗು ಅತ್ತಿತು. ಹೆಣ್ಣು.

ಬಾಣಂತಿಯನ್ನು ಹತ್ತು ದಿನ ನೋಡಿಕೊಳ್ಳುವುದು ಸೂಲಗಿತ್ತಿಯ ಪದ್ಧತಿ. ಅಮ್ಮ ಹತ್ತು ದಿನವೂ ಕಿಟಕಿಯ ಹೊರಗೆ ಕೂತು ಹೇಳಿದಳು, ಚಿಕ್ಕಮ್ಮ ಮಾಡಿದಳು. ನನಗೆ ಜ್ವರ ಬರಲಿಲ್ಲ. ಕೊನೆಯ ದಿನ ಕೇಳಿದೆ.

"ಇಂಗರ್‌ನ ಮಣ್ಣು ಮಾಡಿದ ಮಾರನೇ ದಿನವೇ ಕಾರೆನ್ ಮನೆಗೆ ಹೋದೆಯಲ್ಲ. ಆಗ ನಿಂಗೆ ಅನುಮಾನ ಇರ್ಲಿಲ್ವಾ?"



"ಇತ್ತು."

"ಮತ್ತೆ ಅವಳ ಮನೆ ಹೊರಗೆ ಯಾಕೆ ನಿಲ್ಲಲಿಲ್ಲ?"

"ಏನೂ ಆಗಲ್ಲ ಅಂದ್ಕೊಂಡೆ. ನನ್ನ ಮಗಳಾಗಿದ್ರೆ ಹಾಗೆ ಅಂದ್ಕೊಳ್ತಿರ್ಲಿಲ್ಲ."

ಅಮ್ಮ ಊರಿನವರಿಗಿಂತ ನನ್ನನ್ನು ಹೆಚ್ಚು ಎಂದುಕೊಳ್ಳಲಿ ಎಂದು ಬಾಲ್ಯವಿಡೀ ಬೇಡಿಕೊಂಡಿದ್ದೆ. ಈಗ ಅದು ಸಿಕ್ಕಿತ್ತು. ಸಂತೋಷವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

"ಕಾರೆನ್ ಮಗು?" ಎಂದೆ.

"ಆಡಿನ ಹಾಲು ಹಾಕ್ತಿದ್ದಾರೆ. ಕಕ್ಕುತ್ತೆ. ಇನ್ನೆಷ್ಟು ದಿನವೋ."

ಚಿಕ್ಕಮ್ಮನನ್ನು ಕಳಿಸಿ ಆ ಮಗುವನ್ನು ತರಿಸಿದೆ. ನನ್ನ ಮಗುವಿನ ಅರ್ಧ ತೂಕವೂ ಇರಲಿಲ್ಲ. ನನ್ನದನ್ನು ಕೆಳಗೆ ಮಲಗಿಸಿ ಅದಕ್ಕೆ ಮೊದಲು ಹಾಲು ಕೊಟ್ಟೆ. ನನ್ನ ಮಗಳು ಹಸಿದು ಅಳುತ್ತಿದ್ದಳು. ಎತ್ತಿಕೊಳ್ಳಬೇಕು ಎಂದು, ಆಗಿನ ಅಮ್ಮನಂತೆ, ನನಗೂ ಅನಿಸಲೇ ಇಲ್ಲ.